1960ರಲ್ಲಿ ಸಮುದ್ರದ ಒಳಗೆ ಎಷ್ಟು ಬಿಸಿ ಇತ್ತು ಅಂತ ಈಗ ಹೆಂಗೆ ಗೊತ್ತಾಗುತ್ತೆ?

ಹೂಮಳೆ_ಮೂಡಿಗೆರೆ
ನಮಸ್ಕಾರ ಎಲ್ರಿಗೂ. ನಮ್ಮ ತೋಟ ಮೂಡಿಗೆರೆ ಹತ್ರ, ಅಜ್ಜ 1961ರಿಂದ ಬರೆದಿಟ್ಟ ಮಳೆ ರಿಜಿಸ್ಟರ್ ಇದೆ, ಇಂಚು ಸೆಂಟ್ ಲೆಕ್ಕದಲ್ಲಿ, ದಿನಾ ಬೆಳಗ್ಗೆ ಅಳೆದಿದ್ದು. 2019ರ ಆಗಸ್ಟಲ್ಲಿ ನಮ್ ಕಡೆ ಗುಡ್ಡ ಜರಿದು ತೋಟ ತೋಟಾನೇ ಹೋದ್ವಲ್ಲ, ಆ ವರ್ಷ ಹಿಂದೂ ಮಹಾಸಾಗರದಲ್ಲಿ ಐಒಡಿ (ಸಾಗರದ ಪಶ್ಚಿಮ ಬದಿ ಬಿಸಿಯಾಗಿ ಪೂರ್ವ ಬದಿ ತಂಪಾಗೋ ಏರುಪೇರು) ತುಂಬಾ ಜೋರಿತ್ತು ಅಂತ ಓದಿದೆ, ಹಂಗಾದ್ರೆ ಹಳೇ ವರ್ಷಗಳಲ್ಲಿ ಸಮುದ್ರ ಹೆಂಗಿತ್ತು ನೋಡಿ ರಿಜಿಸ್ಟರ್ ಜೊತೆ ಇಟ್ಟು ನೋಡೋಣ ಅಂತ ಯುರೋಪಿನ ಹವಾಮಾನ ಕೇಂದ್ರದ ಒರಾಸ್ 5 ಡೇಟಾ ಡೌನ್‌ಲೋಡ್ ಮಾಡ್ದೆ. 1958ರಿಂದ ತಿಂಗಳು ತಿಂಗಳಿಗೂ ಇದೆ, ಸುಮಾತ್ರಾ ಪಕ್ಕ 100 ಮೀಟರ್ ಆಳದಲ್ಲಿ ಎಷ್ಟು ಡಿಗ್ರಿ ಅಂತ ಕೂಡ! ಆಗ ಅಲ್ಲಿ ತಿಂಗಳು ತಿಂಗಳು ಹೋಗಿ ಥರ್ಮಾಮೀಟರ್ ಇಳಿಸ್ತಿದ್ದೋರು ಯಾರು? ಇನ್ನೊಂದು, ಉಪ್ಪಿನಂಶದ ಗ್ರಾಫ್ 2000 ದಾಟಿದ್ಮೇಲೆ ನಡೆನೇ ಬದಲಾದಂಗೆ ಕಾಣುತ್ತೆ. ಸಮುದ್ರನೇ ಬದಲಾಗಿದ್ದಾ?

ಫಿಸಿಕ್ಸ್_ಹಾಸನ
ಯಾರೂ ಇಳಿಸ್ತಿರಲಿಲ್ಲ ಸರ್, ಆ ಜಾಗದಲ್ಲಿ ಆ ತಿಂಗಳು ಅಳತೆನೇ ಇಲ್ದೆ ಇರಬಹುದು. ನಿಮ್ಮ ಅಜ್ಜನಿಗೆ ಜ್ವರ ಬಂದು ನಾಲ್ಕು ದಿನ ಮಳೆ ಅಳೀಲಿಲ್ಲ ಅನ್ಕೊಳ್ಳಿ. ಪಕ್ಕದ ತೋಟದ ರಿಜಿಸ್ಟರ್ ಕೇಳ್ತೀರ, ಹಳ್ಳ ಎಲ್ಲಿವರೆಗೆ ಏರಿತ್ತು ಅಂತ ಕೇಳ್ತೀರ, ಪುನರ್ವಸು ಮಳೆ ಹೆಂಗೆ ಹೊಡಿಯುತ್ತೆ ಅಂತ ನಿಮಗೆ ಮೊದ್ಲೇ ಗೊತ್ತು, ಎಲ್ಲಾ ಸೇರಿಸಿ ಒಂದು ಅಂದಾಜಿಗೆ ಬರ್ತೀರ ತಾನೆ. ಸಮುದ್ರಕ್ಕೂ ಅದೇ, ಮರುವಿಶ್ಲೇಷಣೆ ಅಂತಾರೆ. ಗಾಳಿ ಎತ್ತ ಬೀಸ್ತು, ಬಿಸಿಲು ಎಷ್ಟು, ಮಳೆ ಎಷ್ಟು ಅಂತ ಕೊಟ್ರೆ ಕಂಪ್ಯೂಟರ್ ಮಾಡೆಲ್ಲು ನೀರಿನ ಹರಿವಿನ ಸಮೀಕರಣ ಬಿಡಿಸಿ ಒಳಗಿನ ಬಿಸಿ, ಉಪ್ಪು, ಪ್ರವಾಹ ಲೆಕ್ಕ ಹಾಕ್ಕೊಂಡು ಮುಂದೆ ಹೋಗುತ್ತೆ. ಬಿಟ್ರೆ ದಾರಿ ತಪ್ಪುತ್ತೆ. ಅದಕ್ಕೆ ಒರಾಸ್ 5ರಲ್ಲಿ ಐದೈದು ದಿನದ ಅಳತೆ ತಗೊಂಡು ಲೆಕ್ಕಾನ ತಿದ್ತಾರೆ, ಹಡಗಿನವರು ಅಳೆದಿದ್ದು, ತೇಲುಬುರುಡೆಗಳದ್ದು, ಸ್ಯಾಟಲೈಟದ್ದು. ಎಷ್ಟು ತಿದ್ದಬೇಕು ಅನ್ನೋದೇ ಕಷ್ಟದ ಕೆಲಸ, ಅಳತೆನಲ್ಲೂ ತಪ್ಪಿರುತ್ತೆ ಮಾಡೆಲ್‌ನಲ್ಲೂ ತಪ್ಪಿರುತ್ತೆ, ಯಾವುದು ಎಷ್ಟು ತಪ್ಪಬಹುದು ಅಂತ ತೂಗಿ ಕಮ್ಮಿ ತಪ್ಪಿನ ಕಡೆ ಜಾಸ್ತಿ ವಾಲಿಸ್ತಾರೆ. 1992ರಲ್ಲಿ ಟೋಪೆಕ್ಸ್ ಪೋಸಿಡಾನ್ ಅನ್ನೋ ಸ್ಯಾಟಲೈಟ್ ಹಾರಿದ್ಮೇಲೆ ಸಮುದ್ರದ ಮಟ್ಟನೂ ಸಿಗ್ತಾ ಬಂತು, ಬಿಸಿ ನೀರು ಹಿಗ್ಗಿ ಮಟ್ಟ ಏರುತ್ತಲ್ಲ, ಹಂಗಾಗಿ ಮೇಲ್ಮೈ ನೋಡಿನೇ ಒಳಗಿನದ್ದು ಸುಮಾರು ಹೇಳಬಹುದು.

ಘಾಟಿ_ಸಕಲೇಶಪುರ
ಸರ್ ಹೇಳಿದ್ದು ಸರಿ, ಆದ್ರೆ ಎರಡನೇ ಪ್ರಶ್ನೆ ಉಳೀತು, ನನಗೆ ಅದೇ ಮುಖ್ಯ ಅನ್ಸುತ್ತೆ. 2000ರ ಸುಮಾರಿಗೆ ಬದಲಾಗಿದ್ದು ಸಮುದ್ರಕ್ಕಿಂತ ಹೆಚ್ಚಾಗಿ ಅಳೆಯೋ ಕ್ರಮ. ಆಗ ಆರ್ಗೊ ಫ್ಲೋಟ್‌ಗಳು ಶುರುವಾದ್ವು, 1000 ಮೀಟರ್ ಆಳದಲ್ಲಿ ತೇಲ್ತಾ ಇದ್ದು ಹತ್ತು ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು ಅಲ್ಲಿಂದ ಮೇಲೆ ಬರ್ತಾ ಬಿಸಿ, ಉಪ್ಪು ಎರಡೂ ಅಳೆದು ಸ್ಯಾಟಲೈಟಿಗೆ ಕಳಿಸ್ತವೆ. 2007ರ ನವೆಂಬರಿಗೆ 3000 ಆದ್ವು, ನಮ್ಮ ದೇಶದ ಫ್ಲೋಟ್‌ಗಳನ್ನ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್ಕಾಯ್ಸ್‌ನವರು ನೋಡ್ಕೋತಾರೆ. ಅದಕ್ಕೂ ಮುಂಚೆ ಆಳದ ಉಪ್ಪಿನ ಅಳತೆ ತೀರಾ ಕಮ್ಮಿ, ಹಡಗು ಓಡಾಡೋ ದಾರಿಲಿ ಬಿಸಾಡ್ತಿದ್ದ ಎಕ್ಸ್‌ಬಿಟಿ ಅನ್ನೋ ಉಪಕರಣ ಬರೀ ಬಿಸಿ ಅಳೀತಿತ್ತು. ಅದೂ ಆಳವನ್ನ ನೇರ ಅಳೀತಿರಲಿಲ್ಲ, ಎಷ್ಟು ಸೆಕೆಂಡ್ ಮುಳುಗ್ತು ಅನ್ನೋದ್ರ ಮೇಲೆ ಲೆಕ್ಕ, ಆ ಸೂತ್ರ ಚೂರು ತಪ್ಪಿದ್ದಕ್ಕೆ 1970ರ ದಶಕದಲ್ಲಿ ಸಮುದ್ರ ಇದ್ದಕ್ಕಿಂತ ಬಿಸಿ ಕಾಣ್ತಿತ್ತು, 2007ರಿಂದೀಚೆಗೆ ತಿದ್ದಿದ್ರು.

ನಿಮ್ಮ ರಿಜಿಸ್ಟರಿಗೆ ಹೋಲಿಸಿ ಹೇಳ್ತೀನಿ. ಸಿಲ್ವರ್ ಓಕ್ ಮರದ ಕೆಳಗಿದ್ದ ರೈನ್ ಗೇಜ್ ತಂದು ಕಾಫಿ ಕಣದ ಬಯಲಿಗೆ ಇಟ್ರೆ ಮಾರನೇ ದಿನದಿಂದಾನೇ ಮಳೆ ಜಾಸ್ತಿ ಬರೆಯುತ್ತೆ, ಆಕಾಶದಲ್ಲಿ ಏನೂ ಆಗಿರಲ್ಲ. ಒರಾಸ್ 5ರಲ್ಲಿ ಐದು ಪ್ರತಿ ಇದಾವೆ, ಅದೇ ಲೆಕ್ಕಾನ ಚೂರು ಚೂರು ಬದಲಾಯಿಸಿ ಐದು ಸಲ ಹಾಕಿದ್ದು, ಒಂದನ್ನೇ ನೋಡಬೇಡಿ, ಐದೂ ಒಟ್ಟಿಗೆ ಹಾಕಿ. ಐದೂ ಬೇರೆ ಬೇರೆ ಕಡೆ ಹೋಗ್ತಿದ್ರೆ ಆ ಕಾಲದ ಅಂಕಿ ಮೇಲೆ ಭಾರ ಹಾಕಬೇಡಿ. 1979ಕ್ಕೆ ಹಿಂದಿನದ್ದು ಹಿಂದಕ್ಕೆ ವಿಸ್ತರಿಸಿದ ಭಾಗ, ಅದನ್ನ ಬೇರೆಯಾಗೇ ಇಡಿ. ತಾಳೆ ನೋಡೋಕೆ ಮುಂಬೈ ಬಂದರಲ್ಲಿ 1878ರಿಂದ, ಕೊಚ್ಚಿಲಿ 1939ರಿಂದ ಅಳೆದ ಸಮುದ್ರ ಮಟ್ಟ ಇದೆ, ಅದನ್ನ ಒರಾಸ್ ಒಳಗೆ ಸೇರಿಸಿಲ್ಲ, ಹಂಗಾಗಿ ಅದು ಬೇರೆ ಸಾಕ್ಷಿ.

ಐಒಡಿ ಬಗ್ಗೆ ಒಂದು ಮಾತು, 2019ರದ್ದು ತುತ್ತತುದಿಗೆ ಹೋಗಿದ್ದು ಅಕ್ಟೋಬರ್ ನವೆಂಬರಲ್ಲಿ, ನಮ್ ಕಡೆ ಗುಡ್ಡ ಜರಿದಿದ್ದು ಆಗಸ್ಟಲ್ಲಿ. ಅದೇ ಕಾರಣ ಅಂತ ಬರೆಯೋ ಮುಂಚೆ ನಿಧಾನಿಸಿ.

ಹೂಮಳೆ_ಮೂಡಿಗೆರೆ
ಮೇಡಂ, ನಿಮ್ಮ ಉತ್ತರ ಓದಿ ಅಪ್ಪನ್ನ ಕೇಳ್ದೆ. 1983ರಲ್ಲಿ ಮನೆ ರಿಪೇರಿ ಟೈಮಲ್ಲಿ ರೈನ್ ಗೇಜ್ ಕಣದಿಂದ ಎತ್ತಿ ಹಿತ್ತಲಿಗೆ ಹಾಕಿದ್ರಂತೆ, ಅಲ್ಲಿ ಹಲಸಿನ ಮರ ಇದೆ! ರಿಜಿಸ್ಟರಲ್ಲಿ ಅದ್ರ ಬಗ್ಗೆ ಒಂದಕ್ಷರ ಇಲ್ಲ. ನಾನು ಆ ವರ್ಷದಿಂದ ಮಳೆ ಕಮ್ಮಿ ಆಯ್ತು ಅಂತ ನಂಬ್ಕೊಂಡು ಎಲ್ರಿಗೂ ಹೇಳ್ತಿದ್ದೆ, ತುಂಬಾ ಬೇಜಾರಾಯ್ತು. ಐದೂ ಪ್ರತಿ ಇವತ್ತು ರಾತ್ರಿ ಹಾಕಿ ನೋಡ್ತೀನಿ. ಕೊಟ್ಟಿಗೆಹಾರ, ಬಣಕಲ್ ಕಡೆಯವರು ಯಾರಾದ್ರೂ 1980ರಿಂದ 86ರ ಮಳೆ ಲೆಕ್ಕ ಇಟ್ಟಿದ್ರೆ ಫೋಟೋ ತೆಗೆದು ಹಾಕ್ತೀರಾ, ನಮ್ಮದರ ಪಕ್ಕ ಇಟ್ಟು ನೋಡಬೇಕು.

ಹಳೇ_ಪ್ಲಾಂಟರ್
ನಮ್ಮದು ಬಣಕಲ್ ಪಕ್ಕ ಮಗಾ. 1974ರಿಂದ ಇದೆ, 85ರ ಪುಸ್ತಕ ಗೆದ್ದಲು ತಿಂದಿದೆ, ಉಳಿದಿದ್ದು ಕೊಡ್ತೀನಿ. ಗೇಜ್ ಇವತ್ತಿಗೂ ಅಪ್ಪ ಇಟ್ಟ ಜಾಗದಲ್ಲೇ ಇದೆ.