ಕಮಾಡೊ ಒಲೆ ಹತೋಟಿಗೆ ಬರ್ತಿಲ್ಲ, ಬಳಸಿದವರು ಅನುಭವ ಹೇಳ್ತೀರಾ?

ಕೇಳಿದವರು, ಶಿವಮೊಗ್ಗದಿಂದ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿರುವ ನಮ್ಮ ಭಾವ ಮನೆ ಬದಲಿಸುವಾಗ ಅವರ ಕಮಾಡೊ ಗ್ರಿಲ್ ನನಗೆ ಕೊಟ್ಟರು. ಮೊಟ್ಟೆ ಆಕಾರದ, ದಪ್ಪ ಸೆರಾಮಿಕ್ ಗೋಡೆಯ ಇದ್ದಿಲು ಒಲೆ. ಜಾಲರಿ 18 ಇಂಚು. ಕೆಳಗೊಂದು ಗಾಳಿಕಿಂಡಿ, ಮುಚ್ಚಳದ ನೆತ್ತಿಯಲ್ಲಿ ಇನ್ನೊಂದು. ಮೂರು ಭಾನುವಾರ ಕೋಳಿ ಮಾಡಿದೆ. ಎರಡು ಸಲ ಹೊರಗೆ ಕರಕಲು, ಮೂಳೆ ಹತ್ತಿರ ಹಸಿ. ಮೂರನೇ ಸಲ ಬೆಂದಿತ್ತು, ಆದರೆ ಹೊಗೆ ಹಿಡಿದು ಕಹಿ. ಮಕ್ಕಳು ಮುಟ್ಟಲೇ ಇಲ್ಲ. 110 ಡಿಗ್ರಿಯಲ್ಲಿ ನಿಲ್ಲಿಸಬೇಕು ಅಂತಾರೆ, ನನ್ನದು 250ಕ್ಕೆ ಏರಿ ಅಲ್ಲೇ ಕೂರುತ್ತದೆ. ಇದ್ದಿಲು ಯಾವುದು, ಕಟ್ಟಿಗೆ ಯಾವುದು, ಮಳೆಗಾಲದಲ್ಲಿ ಏನು ಮಾಡ್ತೀರಿ? ಸೋಮವಾರ, ಶನಿವಾರ ನಮ್ಮಲ್ಲಿ ಮಾಂಸ ಇಲ್ಲ. ಆ ದಿನ ಇದರಲ್ಲಿ ಏನಾದರೂ ಮಾಡಬಹುದಾ?

ತೀರ್ಥಹಳ್ಳಿಯಿಂದ

ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ನೀವು ಹೇಳಿದ ಮೂರೂ ನನಗೂ ಆಗಿದೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಬಚ್ಚಲೊಲೆ ಉರಿಸಿ ಬೆಳೆದ ಕೈಗೆ ಈ ಒಲೆ ಬೇಗ ಒಗ್ಗುವುದಿಲ್ಲ. ಬಚ್ಚಲಲ್ಲಿ ಉರಿ ಜಾಸ್ತಿ ಬೇಕಾದರೆ ಕುಂಟೆ ಮುಂದಕ್ಕೆ ನೂಕುತ್ತೇವೆ, ಸಾಕಾದರೆ ಹಿಂದಕ್ಕೆ ಎಳೆಯುತ್ತೇವೆ. ಇಲ್ಲಿ ಇದ್ದಿಲು ತುಂಬಾ ತುಂಬಿದ್ದರೂ ಪರವಾಗಿಲ್ಲ. ಎಷ್ಟು ಗಾಳಿ ಬಿಡುತ್ತೀರೋ ಅಷ್ಟೇ ಉರಿ. ನಾನು ಮೊದಲು ಇದ್ದಿಲು ಕಡಿಮೆ ಹಾಕಿ ಉಷ್ಣ ಇಳಿಸಲು ನೋಡುತ್ತಿದ್ದೆ. ಎರಡು ತಾಸಿಗೆ ಇದ್ದಿಲು ಮುಗಿಯುತ್ತಿತ್ತೇ ಹೊರತು ಕಾವು ಹತೋಟಿಗೆ ಬರಲಿಲ್ಲ.

ಈಗ ಮಾಡುವುದು ಹೀಗೆ. ಬುಟ್ಟಿ ತುಂಬ ಇದ್ದಿಲು, ದಪ್ಪ ತುಂಡು ಕೆಳಗೆ, ಚಿಕ್ಕವು ಮೇಲೆ. ನಡುವೆ ಒಂದೇ ಒಂದು ಕಡೆ ಬೆಂಕಿ. ಒಣ ಅಡಿಕೆ ಸಿಪ್ಪೆ ಒಂದು ಹಿಡಿ ಸಾಕು. ಸೀಮೆಎಣ್ಣೆ ಮಾತ್ರ ಬೇಡವೇ ಬೇಡ. ಸೆರಾಮಿಕ್ ಅದನ್ನು ಹೀರಿಕೊಂಡರೆ ಅಡುಗೆಗೆಲ್ಲ ಅದೇ ವಾಸನೆ. ಆ ಒಂದು ಕೆಂಡದಿಂದ ಪಕ್ಕದ ಇದ್ದಿಲಿಗೆ ಬೆಂಕಿ ನಿಧಾನ ಹಬ್ಬುತ್ತದೆ. ಹತ್ತು ತಾಸು ಬೇಕಾದರೂ ಉರಿಯುತ್ತದೆ.

ನಿಮ್ಮ 250ರ ಕಥೆಗೆ ಬರೋಣ. ಗೋಡೆ ಅಷ್ಟು ದಪ್ಪ ಇರುವುದರಿಂದ ಒಮ್ಮೆ ಕಾದರೆ ಬೇಗ ಆರುವುದಿಲ್ಲ. ಕಿಂಡಿ ಮುಚ್ಚಿದರೂ ಇಳಿಯಲು ತಾಸುಗಟ್ಟಲೆ ಬೇಕು. ಅದಕ್ಕೇ ಏರುವಾಗಲೇ ಹಿಡಿಯಬೇಕು. 110 ಬೇಕಾದರೆ 80 ಬಂದಾಗಲೇ ಕೆಳಗಿನ ಕಿಂಡಿಯನ್ನು ಒಂದು ಬೆರಳಿನಷ್ಟಕ್ಕೆ ತರುತ್ತೇನೆ. 95ಕ್ಕೆ ಅದರಲ್ಲೂ ಅರ್ಧ, ಮೇಲಿನದು ಸೀಳಿನಷ್ಟು. ಒಂದು ಸಲ ಕಿಂಡಿ ಅಲ್ಲಾಡಿಸಿದರೆ ಹದಿನೈದು ನಿಮಿಷ ಕೈ ಕಟ್ಟಿ ಕೂರಬೇಕು. ಮುಚ್ಚಳ ತೆಗೆದು ನೋಡುವ ಚಾಳಿ ಬಿಡಬೇಕು. ಪ್ರತಿ ಸಲ ತೆಗೆದಾಗಲೂ ಒಳಗೆ ಹೊಸ ಗಾಳಿ ನುಗ್ಗಿ ಉರಿ ಏರುತ್ತದೆ.

ಮುಚ್ಚಳದ ವಿಷಯಕ್ಕೆ ಒಂದು ಎಚ್ಚರಿಕೆ. ಒಲೆ ತುಂಬ ಕಾದಿದ್ದು ಕಿಂಡಿ ಮುಚ್ಚಿದ್ದರೆ ಒಳಗೆ ಗಾಳಿ ಇರುವುದಿಲ್ಲ. ಆಗ ಮುಚ್ಚಳ ಒಮ್ಮೆಲೇ ಎತ್ತಿದರೆ ಭಗ್ ಅಂತ ಬೆಂಕಿ ಮುಖಕ್ಕೆ ಬರುತ್ತದೆ. ನನ್ನ ಬಲಗೈ ರೋಮ, ಹುಬ್ಬಿನ ತುದಿ ಎರಡೂ ಸುಟ್ಟಿದ್ದವು. ಪಕ್ಕದಲ್ಲಿ ಮಗಳು ನಿಂತಿದ್ದಳು, ನೆನೆಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಮೊದಲು ಎರಡು ಬೆರಳಷ್ಟು ಎತ್ತಿ, ಐದಾರು ಸೆಕೆಂಡ್ ಬಿಟ್ಟು, ಆಮೇಲೆ ಪೂರ್ತಿ ತೆಗೆಯಿರಿ. ಮಕ್ಕಳು ದೂರ ಇರಲಿ.

ಕೋಳಿ ಕರಕಲಾಗಿದ್ದಕ್ಕೆ ಕಾರಣ ನೇರ ಕೆಂಡದ ಮೇಲೆ ಇಟ್ಟಿದ್ದು ಅನಿಸುತ್ತದೆ. ಕೆಂಡಕ್ಕೂ ಜಾಲರಿಗೂ ನಡುವೆ ಇಡಲು ಒಂದು ದಪ್ಪ ಕಲ್ಲಿನ ತಟ್ಟೆ ಬರುತ್ತದೆ, ಕೆಲವು ಒಲೆಗಳಿಗೆ ಜೊತೆಗೇ, ಕೆಲವಕ್ಕೆ ಬೇರೆ ತಗೊಳ್ಳಬೇಕು. ನಿಮ್ಮ ಭಾವನ ಹತ್ತಿರ ಕೇಳಿ ನೋಡಿ. ಅದಿದ್ದರೆ ಕಾವು ಸುತ್ತಿಕೊಂಡು ಬರುತ್ತದೆ, ಓವನ್ ಥರ. ಇನ್ನೊಂದು, ಕೋಳಿಗೆ 110 ಬೇಡ. ಚರ್ಮ ರಬ್ಬರ್ ಆಗುತ್ತದೆ. 180ರಲ್ಲಿ ಇಡಿ. ಒಂದೂಕಾಲು ಕೆಜಿ ಕೋಳಿಗೆ ಒಂದು ತಾಸಿನ ಆಚೀಚೆ. ಗಡಿಯಾರ ನಂಬಬೇಡಿ, ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ತಗೊಳ್ಳಿ. ತೊಡೆಯ ದಪ್ಪ ಜಾಗದಲ್ಲಿ, ಮೂಳೆ ತಾಗದಂತೆ, ಕನಿಷ್ಠ 74 ತೋರಿಸಬೇಕು. ನಾನು 80ರವರೆಗೆ ಬಿಡುತ್ತೇನೆ, ತೊಡೆ ಇನ್ನೂ ಮೆತ್ತಗಾಗುತ್ತದೆ. ಆ ಥರ್ಮಾಮೀಟರ್ ಸರಿ ಇದೆಯಾ ಅಂತ ಕುದಿಯುವ ನೀರಲ್ಲಿ ಅದ್ದಿ ನೋಡಿ. ನಮ್ಮ ಎತ್ತರಕ್ಕೆ ನೀರು ಸುಮಾರು 98ಕ್ಕೆ ಕುದಿಯುತ್ತದೆ. ಹಾಗಾಗಿ 100 ಬರಲಿಲ್ಲ ಅಂತ ಅದನ್ನು ಬಿಸಾಡಬೇಡಿ.

ಕಹಿ ಬಂದಿದ್ದು ಅವಸರದಿಂದ. ಹೊತ್ತಿಸಿದ ಹೊಸದರಲ್ಲಿ ಬರುವ ದಟ್ಟ ಬಿಳಿ ಹೊಗೆಯಲ್ಲಿ ಮಾಂಸ ಇಟ್ಟರೆ ಕಹಿಯೇ ಗತಿ. ನಲವತ್ತು ನಿಮಿಷ ಕಾಯಿರಿ. ಹೊಗೆ ತೆಳ್ಳಗೆ, ತುಸು ನೀಲಿಯಾಗಿ, ಕಂಡೂ ಕಾಣದ ಹಾಗೆ ಆಗಬೇಕು. ನಾನು ಮೇಲಿನ ಕಿಂಡಿಯ ಪಕ್ಕ ನಿಂತು ಮೂಸಿ ನೋಡುತ್ತೇನೆ. ಕಣ್ಣುರಿ ಬಂದರೆ ಇನ್ನೂ ಆಗಿಲ್ಲ. ಬಾಣಲೆಯಲ್ಲಿ ಕೊತ್ತಂಬರಿ ಬೀಜ ಹುರಿದಾಗಿನ ಹಾಗೆ ಹಿತವಾದ ಘಮ ಬಂದರೆ ಇಡಬಹುದು.

ಹೊಸನಗರ ಕಡೆಯಿಂದ

ಇದ್ದಿಲಿನ ಬಗ್ಗೆ ಹೇಳ್ತೀನಿ. ಅಚ್ಚು ಹಾಕಿದ ಉಂಡೆ ಇದ್ದಿಲು ಬೇಡ, ಬೂದಿ ಜಾಸ್ತಿ, ಕೆಳಗಿನ ಗಾಳಿ ಕಟ್ಟುತ್ತದೆ. ಮರದ ಗಟ್ಟಿ ಇದ್ದಿಲೇ ಸರಿ. ನಾನು ಅಕೇಶಿಯಾ ಇದ್ದಿಲು ತರುತ್ತೇನೆ. ತುಂಡು ಮುರಿದಾಗ ಟಣ್ ಅಂತ ಸದ್ದು ಬಂದರೆ ಚೆನ್ನಾಗಿ ಸುಟ್ಟಿದ್ದು. ಮಂಕು ಸದ್ದಾದರೆ ಒಳಗೆ ಇನ್ನೂ ಕಟ್ಟಿಗೆ ಉಳಿದಿದೆ, ಹೊಗೆ ಕಾರುತ್ತದೆ. ಕರಟದ ಇದ್ದಿಲು ಒಳ್ಳೇ ಕಾವು ಕೊಡುತ್ತದೆ, ಆದರೆ ಚೂರು ಚೂರು. ಮೇಲೆ ಒಂದು ಪದರ ಹಾಕಲು ಸಾಕು.

ಹೊಗೆಗೆ ಪೇರಲೆ, ಮಾವು, ಹಲಸು. ಕನಿಷ್ಠ ಆರು ತಿಂಗಳು ಒಣಗಿರಬೇಕು. ಮುಷ್ಟಿ ಗಾತ್ರದ ಮೂರು ತುಂಡು ಸಾಕು. ನೀರಲ್ಲಿ ನೆನೆಸಬೇಡಿ, ಬರೀ ಹಬೆ ಬರುತ್ತದೆ. ನೀಲಗಿರಿ, ಬಣ್ಣ ಬಳಿದ ಹಳೆ ಮರ, ಪ್ಲೈವುಡ್ ಹತ್ತಿರಕ್ಕೂ ತರಬೇಡಿ.

ನಮ್ಮ ಕಡೆಯವರು ಮುಖ್ಯವಾಗಿ ನೋಡಬೇಕಾದ್ದು ಕಾಡುಗೇರು, ಹೊಲಗೇರು. ಅದರ ಸೊನೆ ತಾಗಿದರೆ ಮೈ ಬಾತು ಗುಳ್ಳೆ ಏಳುವುದು ಎಲ್ಲರಿಗೂ ಗೊತ್ತು. ಹೊಗೆಯೂ ಕೆಟ್ಟದ್ದೇ. ಬೆಟ್ಟದಿಂದ ತಂದ ಕಟ್ಟಿಗೆ ರಾಶಿಯಲ್ಲಿ ಒಂದು ತುಂಡು ಸೇರಿಕೊಂಡಿದ್ದರೂ ಗೊತ್ತಾಗಲ್ಲ. ಮರ ಯಾವುದು ಅಂತ ಖಾತ್ರಿ ಇಲ್ಲದಿದ್ದರೆ ಹಾಕಲೇಬೇಡಿ. ನಾನು ಹಿತ್ತಲಿನ ಪೇರಲೆ ಸವರಿದ ಕೊಂಬೆ ಬಿಟ್ಟು ಬೇರೆ ಬಳಸುವುದೇ ಇಲ್ಲ.

ಆಗುಂಬೆ ಹತ್ತಿರದಿಂದ

ಮಳೆಗಾಲದ್ದು ನನಗೆ ಬಿಡಿ. ಇಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ. ಇದ್ದಿಲು ಗಾಳಿಯಲ್ಲಿನ ತೇವವನ್ನೇ ಎಳೆದುಕೊಳ್ಳುತ್ತದೆ. ಆಮೇಲೆ ಹೊತ್ತಿಸಿದರೆ ಚಟಪಟ ಸಿಡಿಯುತ್ತದೆ, ಬಿಳಿ ಹೊಗೆ ನಿಲ್ಲುವುದೇ ಇಲ್ಲ. ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿಡಿ. ನಾನು ಹಿಂದಿನ ರಾತ್ರಿ ಬೇಕಾದಷ್ಟು ತೆಗೆದು ಬಚ್ಚಲೊಲೆ ಪಕ್ಕ ಹರಡುತ್ತೇನೆ, ಕಿಡಿ ಸಿಡಿಯದಷ್ಟು ದೂರದಲ್ಲಿ.

ಮೊದಲ ವರ್ಷ ಜೂನ್‌ನಲ್ಲಿ ಕಿಂಡಿ ಎರಡೂ ಮುಚ್ಚಿ, ಹೊದಿಕೆ ಹೊದಿಸಿ ಇಟ್ಟೆ. ಆಗಸ್ಟ್‌ನಲ್ಲಿ ತೆಗೆದರೆ ಒಳಗೆಲ್ಲ ಬೂಸ್ಟು, ಜಾಲರಿ ಮೇಲೆ ಬಿಳಿ ಹತ್ತಿಯ ಹಾಗೆ. ಉಳಿದಿದ್ದ ಇದ್ದಿಲಿಗೂ ಹಿಡಿದಿತ್ತು. ಒಲೆ ಕೆಟ್ಟೇ ಹೋಯಿತು ಅಂದುಕೊಂಡೆ. ಕೆಡುವುದಿಲ್ಲ. ಹಳೆ ಇದ್ದಿಲು ಎಸೆದು, ಹೊಸದು ಹಾಕಿ, ಖಾಲಿ ಒಲೆ ಉರಿಸಿ. ಆದರೆ ಥಂಡಿ ಕುಡಿದ ಸೆರಾಮಿಕ್ಕಿಗೆ ಒಮ್ಮೆಲೇ ಜೋರು ಉರಿ ಕೊಡಬೇಡಿ, ಬಿರುಕು ಬಿಡಬಹುದು. ಒಂದು ತಾಸು 120ರಲ್ಲಿ ಒಣಗಿಸಿ, ಆಮೇಲೆ 300ಕ್ಕೆ ಏರಿಸಿ ಸುಡಿ. ಆರಿದ ಮೇಲೆ ಜಾಲರಿ ಉಜ್ಜಿ. ಈಗ ನಾನು ಮಾಡಿನ ಕೆಳಗೆ ಇಟ್ಟು ಕಿಂಡಿ ಎರಡೂ ತೆರೆದೇ ಬಿಡುತ್ತೇನೆ, ಬೂಸ್ಟು ಬಂದಿಲ್ಲ.

ಅಡುಗೆ ಮುಗಿದಾಗ ನೀರು ಹಾಕಿ ಆರಿಸಬೇಡಿ ಮಾರಾಯ್ರೆ. ಕಿಂಡಿ ಮುಚ್ಚಿದರೆ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಆಗುತ್ತದೆ.

ಸಾಗರದಿಂದ

ನಮ್ಮದು ಪೂರ್ತಿ ಸಸ್ಯಾಹಾರಿ ಮನೆ. ನಿಮ್ಮ ಸೋಮವಾರ, ಶನಿವಾರಕ್ಕೆ ನಾನು ಹೇಳ್ತೀನಿ. ಮೊದಲು ಬೇರೆ ಜಾಲರಿ ಒಂದು ತೆಗೆದುಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ಅದರಿಂದ ಅರ್ಧ ತಕರಾರು ಮುಗಿಯುತ್ತದೆ.

ಗುಂಡು ಬದನೆಗೆ ಎಣ್ಣೆ ಸವರಿ ಕೆಂಡದ ನೇರ ಮೇಲೆ ಇಡಿ. ಸಿಪ್ಪೆ ಸುಕ್ಕಾಗಿ, ತೊಟ್ಟಿನ ಹತ್ತಿರ ರಸ ಗುಳುಗುಳು ಅಂದಾಗ ತೆಗೆಯಿರಿ. ಮೊಸರು, ಹಸಿಮೆಣಸು, ಇಂಗಿನ ಒಗ್ಗರಣೆ ಹಾಕಿ ಗೊಜ್ಜು ಮಾಡಿದರೆ ಗ್ಯಾಸಿನ ಮೇಲೆ ಸುಟ್ಟಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಗೆಣಸು 180ರಲ್ಲಿ ಒಂದು ತಾಸು. ಹಲಸಿನ ಬೀಜಕ್ಕೆ ಒಂದು ಸೀಳು ಕೊಟ್ಟೇ ಹಾಕಿ, ಇಲ್ಲದಿದ್ದರೆ ಸಿಡಿಯುತ್ತದೆ. ನಮ್ಮ ಕಡೆ ಅನಾನಸು ಹೇರಳ. ಬಿಲ್ಲೆ ಮಾಡಿ, ಜೋನಿ ಬೆಲ್ಲ ಸವರಿ, ಎರಡೂ ಕಡೆ ನಾಲ್ಕು ನಾಲ್ಕು ನಿಮಿಷ. ಅತ್ತೆ ಮೊದಲು ಈ ಒಲೆ ಬೇಡವೇ ಬೇಡ ಅಂದಿದ್ದರು. ಅನಾನಸು ತಿಂದ ಮೇಲೆ ಅವರೇ ಇದ್ದಿಲು ಖಾಲಿಯಾಯ್ತಾ ಅಂತ ಕೇಳುತ್ತಾರೆ.

ಕೊಪ್ಪದಿಂದ

ಕೋಳಿ ಹಿಡಿತಕ್ಕೆ ಬಂದ ಮೇಲೆ ಹಂದಿ ಭುಜ ಮಾಡಿ ನೋಡಿ. ಮೂರು ಕೆಜಿಯ ಒಂದೇ ತುಂಡು, ಕೊಬ್ಬು ಇರಲಿ. ಹಿಂದಿನ ರಾತ್ರಿ ಉಪ್ಪು, ಕುಟ್ಟಿದ ಕಾಳುಮೆಣಸು, ಜೀರಿಗೆ ಮೆಣಸು, ಉಪ್ಪಾಗೆ ಹುಳಿ ಹಚ್ಚಿಡುತ್ತೇನೆ. ಬೆಳಗ್ಗೆ ಆರಕ್ಕೆ ಒಲೆ ಹೊತ್ತಿಸಿ, ಕಲ್ಲಿನ ತಟ್ಟೆ ಹಾಕಿ, 120ರಲ್ಲಿ ಇಡುತ್ತೇನೆ.

ಒಳಗಿನ ಉಷ್ಣ 68, 70ಕ್ಕೆ ಬಂದು ನಿಂತುಬಿಡುತ್ತದೆ. ಎರಡು ತಾಸು, ಮೂರು ತಾಸು, ಮುಳ್ಳು ಅಲ್ಲಾಡುವುದಿಲ್ಲ. ಮೊದಲ ಸಲ ನಾನು ಗಾಬರಿಯಾಗಿ ಕಿಂಡಿ ತೆರೆದೆ, ಹೊರಭಾಗ ಹಲಗೆಯಾಯಿತು. ಮಾಂಸದ ನೀರು ಆವಿಯಾಗುತ್ತಾ ತಾನೇ ತಂಪು ಮಾಡಿಕೊಳ್ಳುತ್ತಿರುತ್ತದೆ, ನಾವು ಬೆವರಿದ ಹಾಗೆ. ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ, ಮೇಲೆ ಫಾಯಿಲ್ ಸುತ್ತಿದರೆ ಮತ್ತೆ ಏರುತ್ತದೆ. 93, 95 ಬಂದಾಗ ಥರ್ಮಾಮೀಟರ್ ಬೆಣ್ಣೆಗೆ ಚುಚ್ಚಿದಂತೆ ಹೋಗಬೇಕು. ಹಾಗೇ ಸುತ್ತಿಟ್ಟು ಒಂದು ತಾಸು ಬಿಡಿ. ಆಮೇಲೆ ಕೈಯಲ್ಲಿ ಎಳೆದರೆ ಎಳೆ ಎಳೆಯಾಗಿ ಬಿಡುತ್ತದೆ, ಬಾಳೆಲೆಯಲ್ಲಿ ನಿಂತ ರಸ ಮೇಲೆ ಸುರಿಯಿರಿ. ಬಿಸಿ ಕಡುಬಿನ ಜೊತೆ ತಿನ್ನಿ.

ನಮ್ಮಜ್ಜಿ ಒಲೆ ಮೇಲಿನ ಅಟ್ಟದಲ್ಲಿ ಉಪ್ಪು ಹಚ್ಚಿದ ಮಾಂಸ ವಾರಗಟ್ಟಲೆ ಹೊಗೆಗೆ ಇಟ್ಟು ಮಳೆಗಾಲಕ್ಕೆ ಉಳಿಸುತ್ತಿದ್ದರು. ಅದೇ ಅಂದುಕೊಂಡು ಇದನ್ನು ಹೊರಗಿಡಬೇಡಿ. ಕಮಾಡೊದಲ್ಲಿ ಹೊಗೆ ರುಚಿಗಷ್ಟೇ. ಉಳಿದಿದ್ದು ಎರಡು ತಾಸಿನೊಳಗೆ ಫ್ರಿಜ್ಜಿಗೆ ಹೋಗಲಿ. ಅಂದ ಹಾಗೆ ಕಮಾಡೊ ಅಂದರೆ ಜಪಾನಿನಲ್ಲಿ ಒಲೆ ಅಂತಲೇ ಅರ್ಥ, ಅನ್ನ ಮಾಡುವ ಒಲೆ. ಎರಡನೇ ಮಹಾಯುದ್ಧದ ನಂತರ ಅಲ್ಲಿದ್ದ ಅಮೆರಿಕದ ಸೈನಿಕರು ಮನೆಗೆ ಒಯ್ದು ಅದರಲ್ಲಿ ಮಾಂಸ ಸುಡಲು ಶುರು ಮಾಡಿದರಂತೆ.

ಶಿವಮೊಗ್ಗದಿಂದ, ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಕಲ್ಲಿನ ತಟ್ಟೆ ಭಾವನ ಹಳೇ ಮನೆಯ ಸಜ್ಜಾ ಮೇಲೇ ಇತ್ತು, ಬಸ್ಸಿಗೆ ಹಾಕಿ ಕಳಿಸಿದರು. ಈ ಭಾನುವಾರ ಒಂದೇ ಕಡೆ ಬೆಂಕಿ ಕೊಟ್ಟು, 140ರಿಂದಲೇ ಕಿಂಡಿ ಕಡಿಮೆ ಮಾಡಿದೆ. 185ರಲ್ಲಿ ನಿಂತಿತು. ತೊಡೆಯಲ್ಲಿ 79 ಬಂದಾಗ ತೆಗೆದೆ. ಚಿಕ್ಕವನು ಎರಡನೇ ಕಾಲಿಗೂ ಕೈ ಹಾಕಿದ. ಹೊಸನಗರದವರೆ, ಆ ಅಕೇಶಿಯಾ ಇದ್ದಿಲು ಚೀಲದ ಲೆಕ್ಕದಲ್ಲಿ ಸಿಗುತ್ತಾ, ಮಳೆ ಹಿಡಿಯುವ ಮೊದಲು ಎರಡು ಚೀಲ ತಂದಿಟ್ಟುಕೊಳ್ಳೋಣ ಅಂತ.