ತರಕಾರಿ ಸ್ಪರ್ಧೆಗೆ ಹಿತ್ತಲ ಬೆಳೆ: ಯಾವುದನ್ನು ಆರಿಸೋದು, ಹೇಗೆ ಸಿದ್ಧ ಮಾಡೋದು?

ಹಿತ್ತಲಗಿಡ

ಸ್ಪರ್ಧೆಗೆ ಇನ್ನು 12 ದಿನ ಇದೆ. ನಿಯಮ ಪಟ್ಟಿಯಲ್ಲಿ ಕೇಳಿರುವುದು ಟೊಮೆಟೊ 5, ಕ್ಯಾರೆಟ್ 5, ಬೀನ್ಸ್ 12, ಈರುಳ್ಳಿ 5, ಬದನೆಕಾಯಿ 2. ಈರುಳ್ಳಿ ಕಿತ್ತು ಒಣಗಲು ಹಾಕಿದೆ, ಉಳಿದದ್ದೆಲ್ಲ ಇನ್ನೂ ಗಿಡದಲ್ಲೇ ಇದೆ. ನನ್ನ ಗೊಂದಲಗಳು ಇಷ್ಟು: ದೊಡ್ಡದಾಗಿರುವುದನ್ನೇ ಆರಿಸಬೇಕಾ? ಎಷ್ಟು ದಿನ ಮೊದಲು ಕೊಯ್ಯಬೇಕು? ಕ್ಯಾರೆಟ್ ಬ್ರಷ್ ಹಾಕಿ ಉಜ್ಜಬಹುದಾ? ಬದನೆಕಾಯಿಗೆ ಒಂದು ತೊಟ್ಟು ಎಣ್ಣೆ ಸವರಿದರೆ ಹೊಳಪು ಬರುತ್ತದಲ್ಲ, ಅದು ನಡೆಯುತ್ತದಾ? ಬೀನ್ಸ್ ಎಲ್ಲವೂ ಸ್ವಲ್ಪ ಬಾಗಿವೆ, ಅದಕ್ಕೇನಾದರೂ ಉಪಾಯ ಇದೆಯಾ?

ಎರೆಹುಳ

ಎಣ್ಣೆ ಬೇಡವೇ ಬೇಡ. ಎಣ್ಣೆ, ಮೇಣ, ಪಾಲಿಷ್ ಯಾವುದನ್ನು ಹಚ್ಚಿದರೂ ಸಾಮಾನ್ಯವಾಗಿ ತಟ್ಟೆಯನ್ನೇ ಪಕ್ಕಕ್ಕಿಡುತ್ತಾರೆ. ಬೆರಳಾಡಿಸಿದ ತಕ್ಷಣ ಗೊತ್ತಾಗುತ್ತದೆ, ಮುಚ್ಚಿಡುವ ಮಾತೇ ಇಲ್ಲ.

ಗಾತ್ರದ ವಿಷಯ. "ಅತಿ ದೊಡ್ಡ ಕುಂಬಳ", "ಅತಿ ಉದ್ದದ ಸೋರೆ" ಥರದ ವಿಭಾಗ ಬಿಟ್ಟರೆ ದೊಡ್ಡದಕ್ಕೆ ವಿಶೇಷ ಅಂಕ ಇಲ್ಲ. ನೋಡುವುದು ತಾಜಾತನ, ಕಲೆ ಗಾಯ ಇಲ್ಲದಿರುವುದು, ತಳಿಗೆ ತಕ್ಕ ಆಕಾರ ಮತ್ತು ಬಣ್ಣ, ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಇರುವುದು. ನಾಲ್ಕು ಟೊಮೆಟೊ 6 ಸೆಂ.ಮೀ. ಇದ್ದು ಐದನೆಯದು 8 ಸೆಂ.ಮೀ. ಇದ್ದರೆ ಆ ಐದನೆಯದೇ ತಟ್ಟೆ ಕೆಡಿಸುತ್ತದೆ, ಎಷ್ಟೇ ಚೆಂದ ಇದ್ದರೂ.

ಹೆಚ್ಚಿನವರು ಅತ್ಯುತ್ತಮವಾದ ಒಂದನ್ನು ಮೊದಲು ಎತ್ತಿಕೊಂಡು ಅದಕ್ಕೆ ಜೋಡಿ ಹುಡುಕುತ್ತಾ ಹೋಗುತ್ತಾರೆ. ತಲೆಕೆಳಗಾದ ದಾರಿ ಅದು. ದಪ್ಪ ರಟ್ಟಿನಲ್ಲಿ ಬೇರೆ ಬೇರೆ ಅಳತೆಯ ಮೂರು ತೂತು ಕೊರೆಯಿರಿ, ಟೊಮೆಟೊಗಾದರೆ 5.5, 6, 6.5 ಸೆಂ.ಮೀ. ಕೊಯ್ಯುವ ಮೊದಲು ಗಿಡದಲ್ಲೇ ಹಿಡಿದು ನೋಡಿ, ಯಾವ ಅಳತೆಯವು ಜಾಸ್ತಿ ಇವೆಯೋ ಅದನ್ನೇ ನಿಮ್ಮ ಅಳತೆ ಅಂತ ಗೊತ್ತುಮಾಡಿ. ಆ ಗುಂಪಿನಲ್ಲಿ 10 ಕೊಯ್ದು, ಕಲೆ ಇರುವುದನ್ನು ತೆಗೆಯಿರಿ, ಬಣ್ಣ ಹೊಂದದ್ದನ್ನು ತೆಗೆಯಿರಿ, ತೂಕ ಹಾಕಿ ತೀರಾ ಬೇರೆಯಾದದ್ದನ್ನು ತೆಗೆಯಿರಿ. ಉಳಿಯುವುದು ಏಳು: ಐದು ತಟ್ಟೆಗೆ, ಎರಡು ದಾರಿಯಲ್ಲಿ ಪೆಟ್ಟಾದರೆ ಬದಲಿಗೆ.

ಟೊಮೆಟೊ ಪೂರ್ತಿ ಕೆಂಪಾಗುವ ತನಕ ಗಿಡದಲ್ಲಿ ಬಿಡಬೇಡಿ. ಒಂದು ಜೋರು ಮಳೆ ಬಂದರೆ ಅಥವಾ ಒಣಗಿದ ಮಡಿಗೆ ಒಮ್ಮೆಲೇ ನೀರು ಕಟ್ಟಿದರೆ ಸಿಪ್ಪೆ ಸೀಳುತ್ತದೆ. ಹಣ್ಣಿನ ಕೆಳತುದಿಯಲ್ಲಿ ಬಣ್ಣ ತಿರುಗಿದಾಗ, ಅಂದರೆ ಸುಮಾರು ಒಂದು ವಾರ ಮೊದಲು, ಕೊಯ್ದು ಮನೆಯೊಳಗೆ 20–25 ಡಿಗ್ರಿಯಲ್ಲಿ ಒಂದೇ ಪದರದಲ್ಲಿ ಹರಡಿ. 30 ಡಿಗ್ರಿ ದಾಟಿದರೆ ಕೆಂಪು ಸರಿಯಾಗಿ ಕೂಡುವುದಿಲ್ಲ, ಹಳದಿ ಮಿಶ್ರಿತ ಕಿತ್ತಳೆಯಲ್ಲೇ ನಿಲ್ಲುತ್ತದೆ. ಹಿಂದೆ ಬಿದ್ದವಕ್ಕೆ ಒಂದು ಬಾಳೆಹಣ್ಣು ಜೊತೆಗಿಟ್ಟು ಕಾಗದದ ಚೀಲದಲ್ಲಿ ಹಾಕಿ. ಮುಂದೆ ಹೋದವನ್ನು 13–15 ಡಿಗ್ರಿಯಷ್ಟು ತಂಪಿನ ಜಾಗಕ್ಕೆ ಸರಿಸಿ. ಫ್ರಿಜ್ ಬೇಡ, ಬಣ್ಣವೂ ನಿಲ್ಲುತ್ತದೆ, ಸಿಪ್ಪೆಯೂ ಮಂಕಾಗುತ್ತದೆ. ತೊಟ್ಟು ಕಿತ್ತು ಹಾಕಿ, ಇಲ್ಲದಿದ್ದರೆ ಪಕ್ಕದ ಹಣ್ಣಿಗೆ ಚುಚ್ಚುತ್ತದೆ.

ಬಳ್ಳಿಮಂಟಪ

ಕೊನೆಯ ಸಾಲಿಗೆ ಒಂದು ತಕರಾರು. ತೊಟ್ಟು ಇರಬೇಕೋ ಬೇಡವೋ ಅನ್ನುವುದು ಸ್ಪರ್ಧೆಯಿಂದ ಸ್ಪರ್ಧೆಗೆ ಬೇರೆ. ಕೆಲವು ಕಡೆ ಹಸಿರು ತೊಟ್ಟು ನಕ್ಷತ್ರದ ಹಾಗೆ ಅರಳಿ ನಿಂತಿದ್ದರೇ ತಾಜಾ ಅನ್ನುತ್ತಾರೆ, ಕೆಲವು ಕಡೆ ತೆಗೆದೇ ಇಡಬೇಕು. ಪಟ್ಟಿಯಲ್ಲಿ ಏನೂ ಬರೆದಿಲ್ಲದಿದ್ದರೆ ಮೊದಲು ಸಂಘಟಕರನ್ನು ಕೇಳಿ. ಅಲ್ಲಿಯವರೆಗೆ ಉಳಿಸಿಕೊಳ್ಳಿ: ಇದ್ದ ತೊಟ್ಟನ್ನು ಕೊನೆ ಗಳಿಗೆಯಲ್ಲಿ ತೆಗೆಯಬಹುದು, ಕಿತ್ತದ್ದನ್ನು ಮತ್ತೆ ಅಂಟಿಸಲಾಗದು. ಗಂಟಿನ ಮೇಲೆ ಕತ್ತರಿಯಿಂದ ಕತ್ತರಿಸಿ, ಒಂದೊಂದನ್ನೂ ತೊಟ್ಟು ಮೇಲಾಗಿ ಮೊಟ್ಟೆಯ ತಟ್ಟೆಯಲ್ಲಿ ಕೂರಿಸಿದರೆ ಚುಚ್ಚುವ ಭಯವೂ ಇಲ್ಲ.

ಬದನೆಕಾಯಿ. ಹೊಳಪು ಎಣ್ಣೆಯಿಂದಲ್ಲ, ಕೊಯ್ಯುವ ಹೊತ್ತಿನಿಂದ ಬರುತ್ತದೆ. ಕಾಯಿ ಎಳೆಯದಿರುವಾಗ ಸಿಪ್ಪೆ ಕನ್ನಡಿಯಂತಿರುತ್ತದೆ, ಬೀಜ ಬಲಿಯಲು ಶುರುವಾದ ಮೇಲೆ ಮಂಕಾಗುತ್ತದೆ, ಆಮೇಲೆ ಯಾವ ಬಟ್ಟೆಯಿಂದ ಒರೆಸಿದರೂ ವಾಪಸು ಬರದು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ತಗ್ಗು ಕೂಡಲೇ ಮೇಲೆದ್ದರೆ ಸರಿ, ಹಾಗೇ ಉಳಿದರೆ ಬಲಿತಿದೆ. ಹಿಂದಿನ ದಿನ ಸಂಜೆ ಅಥವಾ ಅದೇ ದಿನ ಬೆಳಗ್ಗೆ 2–3 ಸೆಂ.ಮೀ. ತೊಟ್ಟು ಬಿಟ್ಟು ಕತ್ತರಿಸಿ. ತೊಟ್ಟಿನ ಟೋಪಿ ಹಸಿರಾಗಿ ಬಿಗಿಯಾಗಿ ಅಂಟಿಕೊಂಡಿರಬೇಕು, ತೀರ್ಪುಗಾರರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮುಳ್ಳಿನ ತಳಿಯಾದರೆ ಒಂದರ ಮುಳ್ಳು ಇನ್ನೊಂದಕ್ಕೆ ಗೀರದಂತೆ ಬೇರೆ ಬೇರೆ ಕಾಗದದಲ್ಲಿ ಸುತ್ತಿ. ಇದಕ್ಕೂ ಫ್ರಿಜ್ ಆಗದು, 10 ಡಿಗ್ರಿಗಿಂತ ಕೆಳಗೆ ಸಿಪ್ಪೆ ಕುಳಿ ಬೀಳುತ್ತದೆ, ಒಳಗೆ ಬೀಜ ಕಂದಾಗುತ್ತದೆ. ಎರಡೇ ಕಾಯಿ ಕೇಳಿದ್ದಾರೆ ಅಂದರೆ ಹೋಲಿಕೆ ಇನ್ನೂ ಕಠಿಣ. ಅಕ್ಕಪಕ್ಕ ಮಲಗಿಸಿ ಬಾಗು, ಉದ್ದ, ಕೆಳತುದಿಯ ದುಂಡು ಎಲ್ಲ ಹೊಂದಿಸಿ ನೋಡಿ.

ಬೀನ್ಸ್ ಬಾಗಿರುವುದಕ್ಕೆ ಉಪಾಯ ಇದೆ, ಆದರೆ ಅಲ್ಪಸ್ವಲ್ಪ ಬಾಗಿಗೆ ಮಾತ್ರ. ಕೊಯ್ದು ಒಂದೆರಡು ಗಂಟೆ ನೆರಳಲ್ಲಿಟ್ಟರೆ ಕಾಯಿ ತುಸು ಸಡಿಲವಾಗುತ್ತದೆ. ಆಗ ಒಂದೊಂದನ್ನೂ ನೇರ ಮಾಡಿ, ಒದ್ದೆ ಮಾಡಿ ಹಿಂಡಿದ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಬಿಗಿಯಾಗಿ ಸುರುಳಿ ಸುತ್ತಿ, ಚಪ್ಪಟೆ ಹಲಗೆಯ ಮೇಲೆ ರಾತ್ರಿಯಿಡೀ ಇಡಿ. ನೀರು ಹೀರಿ ಗಟ್ಟಿಯಾಗುವಾಗ ಆ ನೇರದಲ್ಲೇ ನಿಲ್ಲುತ್ತದೆ. ಕೊಕ್ಕೆಯಂತೆ ಬಾಗಿದ್ದನ್ನು ಎಳೆಯಲು ಹೋಗಬೇಡಿ, ಒಳಮಗ್ಗುಲು ಬಿರುಕು ಬಿಡುತ್ತದೆ. ಬೀಜದ ಉಬ್ಬು ಹೊರಗೆ ಕಾಣುವ ಕಾಯಿ ಬೇಡ. ತೀರ್ಪುಗಾರರು ಒಂದನ್ನು ಮುರಿದು ನೋಡುವುದುಂಟು, "ಚಟ್" ಅನ್ನಬೇಕು, ನಾರು ಜೋತು ಬೀಳಬಾರದು. ತೊಟ್ಟೂ ಇರಬೇಕು, ತುದಿಯ ಮೊನೆಯೂ ಮುರಿದಿರಬಾರದು. ಹಾಗಾಗಿ ಕೈಯಲ್ಲಿ ಕೀಳದೆ ಕತ್ತರಿಯಲ್ಲೇ ಕೊಯ್ಯಿರಿ. 12ಕ್ಕೆ 25 ಕೊಯ್ದುಕೊಳ್ಳಿ, ಉದ್ದ ಹೊಂದಿಸುವಾಗ ಅರ್ಧಕ್ಕರ್ಧ ಹೋಗುತ್ತದೆ.

ಗುದ್ದಲಿ

ಮಣ್ಣೊಳಗಿನವುಗಳ ಬಗ್ಗೆ ನಾನು ಹೇಳುತ್ತೇನೆ.

ಕ್ಯಾರೆಟ್‌ಗೆ ಬ್ರಷ್ ಮುಟ್ಟಿಸಬೇಡಿ. ಸಿಪ್ಪೆ ಬಹಳ ತೆಳು. ಉಜ್ಜಿದಾಗ ಹೊಳೆಯುತ್ತದೆ, ಒಂದೆರಡು ಗಂಟೆ ಕಳೆದ ಮೇಲೆ ಗೀರುಗಳೆಲ್ಲ ಒಣಗಿ ಬಿಳಿಚಿಕೊಳ್ಳುತ್ತವೆ, ತೀರ್ಪಿನ ಹೊತ್ತಿಗೆ ಸರಿಯಾಗಿ. ಕೀಳುವ ಹಿಂದಿನ ಸಂಜೆ ಮಡಿಗೆ ಚೆನ್ನಾಗಿ ನೀರುಣಿಸಿ. ಬೆಳಗ್ಗೆ ಗುದ್ದಲಿಯನ್ನು ಸಾಲಿನಿಂದ ಒಂದು ಗೇಣು ದೂರಕ್ಕೆ ಹಾಕಿ ಮಣ್ಣು ಸಡಿಲಿಸಿ, ಭುಜ, ಅಂದರೆ ಸೊಪ್ಪಿನ ಕೆಳಗಿನ ಗಡ್ಡೆಯ ಮೇಲ್ಭಾಗ, ಹಿಡಿದು ನೆಟ್ಟಗೆ ಎತ್ತಿ. ಸೊಪ್ಪು ಹಿಡಿದು ಎಳೆದರೆ ತುದಿ ಬೇರು ತುಂಡಾಗುತ್ತದೆ, ಆ ಬೇರಿಗೂ ಅಂಕ ಇದೆ. ಎತ್ತಿದ ತಕ್ಷಣ ಬಕೆಟ್ ನೀರಿನಲ್ಲಿ ಅದ್ದಿ. ಮಣ್ಣು ಒಣಗಿದರೆ ಗೆರೆಗಳಲ್ಲಿ ಕೂತು ಕಲೆಯಾಗುತ್ತದೆ. ಮೆತ್ತನೆ ಸ್ಪಂಜಿನಿಂದ ಸುತ್ತಲೂ, ಅಂದರೆ ಉಂಗುರದ ಗೆರೆ ಇರುವ ದಿಕ್ಕಿನಲ್ಲೇ ಒರೆಸಿ. ಮೇಲಿಂದ ಕೆಳಕ್ಕೆ ಒರೆಸಿದರೆ ಉದ್ದ ಗೀರು ಎದ್ದು ಕಾಣುತ್ತದೆ. ಕೂದಲಿನಂಥ ಪಕ್ಕಬೇರನ್ನು ಉಗುರಿನಿಂದ ಚಿವುಟಬೇಡಿ, ಕುಳಿ ಬೀಳುತ್ತದೆ. ಸ್ಪಂಜಿಗೆ ಬಂದಷ್ಟು ಬರಲಿ. ಸೊಪ್ಪನ್ನು ಪಟ್ಟಿಯಲ್ಲಿ ಹೇಳಿದ ಅಳತೆಗೆ ಕತ್ತರಿಸಿ, ಹೇಳಿಲ್ಲದಿದ್ದರೆ 5 ಸೆಂ.ಮೀ. ಸಾಕು. ಇಡೀ ಸೊಪ್ಪು ಬಿಟ್ಟರೆ ಗಡ್ಡೆಯ ನೀರನ್ನು ಎಳೆದು ಬಾಡಿಸುತ್ತದೆ.

ಒಂದು ಪರೀಕ್ಷೆ ಮಾಡಿ. ಅದೇ ಸಾಲಿನ ಆರನೆಯ ಕ್ಯಾರೆಟ್ಟನ್ನು ಅಡ್ಡಲಾಗಿ ಕತ್ತರಿಸಿ. ನಡುವಿನ ದಿಂಡು ಸಣ್ಣದಾಗಿದ್ದು ಸುತ್ತಲಿನ ಬಣ್ಣಕ್ಕೆ ಹತ್ತಿರ ಇರಬೇಕು. ದಿಂಡು ದಪ್ಪವಾಗಿ ಹಳದಿಗಟ್ಟಿ ನಾರಾಗಿದ್ದರೆ ಸಾಲು ಬಲಿತಿದೆ, ಉಳಿದ ಐದೂ ಒಳಗೆ ಹಾಗೇ ಇರುವ ಸಂಭವ ಜಾಸ್ತಿ. ಆಗ ತಡವಾಗಿ ಬಿತ್ತಿದ ಮಡಿ ಇದ್ದರೆ ಅಲ್ಲಿಂದ ತೆಗೆಯಿರಿ. ಕವಲೊಡೆದದ್ದಕ್ಕೆ ಈಗ ಮಾಡುವುದೇನೂ ಇಲ್ಲ, ಕಲ್ಲು ಅಥವಾ ಹಸಿ ಗೊಬ್ಬರದ ಕೆಲಸ ಅದು.

ಈರುಳ್ಳಿಗೆ ನೀರು ಸೋಕಿಸಲೇಬೇಡಿ. ಒಣಗಲು ಎರಡು ಮೂರು ವಾರ ಬೇಕು, ಬಿಸಿಲಿಗಿಂತ ಗಾಳಿಯಾಡುವ ನೆರಳು ಒಳ್ಳೆಯದು. ಕತ್ತನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಂಡಿ ನೋಡಿ, ಮೆತ್ತಗೆ ಜಾರಿದರೆ ಒಳಗೆ ಇನ್ನೂ ಹಸಿ. ದಪ್ಪ ಕತ್ತಿನವು ಒಣಗುವುದೇ ಇಲ್ಲ, ಅವನ್ನು ಇವತ್ತೇ ಅಡುಗೆಮನೆಗೆ ಕಳಿಸಿ. ಚೆಂದ ಕಾಣಲಿ ಅಂತ ಪದರ ಸುಲಿಯುವುದು ಎಲ್ಲರೂ ಮಾಡುವ ತಪ್ಪು. ತಾನಾಗಿ ಉದುರುವ ಹೊರಸಿಪ್ಪೆ ತೆಗೆದರೆ ಸಾಕು. ಇನ್ನೊಂದು ಸುಲಿದರೆ ಹಸಿರು ಬಿಳಿ ಗೆರೆ ಹೊರಬೀಳುತ್ತದೆ, ಪಕ್ಕದ ತಾಮ್ರಬಣ್ಣದ ಗಡ್ಡೆಯೆದುರು ಬೆತ್ತಲೆ ನಿಂತ ಹಾಗೆ. ಬೇರನ್ನು ತಳದ ಬಿಲ್ಲೆಗೆ ತಾಗದಂತೆ ಕತ್ತರಿಸಿ, ಕತ್ತನ್ನು 2–3 ಸೆಂ.ಮೀ. ಬಿಟ್ಟು ನೂಲಿನಿಂದ ಬಿಗಿದು ಕಟ್ಟಿ. ತಟ್ಟೆಯಲ್ಲಿ ಉರುಳದಂತೆ ರಟ್ಟಿನ ಸಣ್ಣ ಉಂಗುರದ ಮೇಲೆ ಕೂರಿಸಲು ಬಿಡುತ್ತಾರೋ ಕೇಳಿಕೊಳ್ಳಿ.

ಬಳ್ಳಿಮಂಟಪ

ಸಾಗಣೆ ಬಗ್ಗೆ ಯಾರೂ ಹೇಳಲಿಲ್ಲ. ಹಣ್ಣಾದ ಟೊಮೆಟೊ ಮತ್ತು ಕ್ಯಾರೆಟ್ಟನ್ನು ಒಂದೇ ಮುಚ್ಚಿದ ಡಬ್ಬದಲ್ಲಿ ದಿನಗಟ್ಟಲೆ ಇಡಬೇಡಿ. ಟೊಮೆಟೊ ಬಿಡುವ, ಕಾಯಿ ಹಣ್ಣಾಗಿಸುವ ಅನಿಲವಾದ ಎಥಿಲೀನ್‌ನಿಂದ ಕ್ಯಾರೆಟ್ ಕಹಿಯಾಗುತ್ತದೆ, ಸೌತೆಕಾಯಿ ಇದ್ದರೆ ಹಳದಿ ತಿರುಗುತ್ತದೆ. ಕ್ಯಾರೆಟ್, ಬೀನ್ಸ್ ಎರಡನ್ನೂ ತಟ್ಟೆ ಜೋಡಿಸುವ ತನಕ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಈರುಳ್ಳಿ ಒಣ ಕಾಗದದಲ್ಲಿ. ಜೊತೆಗೆ ಕತ್ತರಿ, ಮೆತ್ತನೆ ಬಟ್ಟೆ, ನಿಯಮ ಪಟ್ಟಿಯ ಪ್ರತಿ, ಬದಲಿ ಕಾಯಿ. ತಳಿಯ ಹೆಸರು ಗೊತ್ತಿದ್ದರೆ ಚೀಟಿಯಲ್ಲಿ ಬರೆಯಿರಿ. ಜೋಡಿಸುವಾಗ ತೊಟ್ಟೆಲ್ಲ ಒಂದೇ ಕಡೆಗೆ. ಆಮೇಲೆ ಎಣಿಸಿ. 12 ಕೇಳಿದಲ್ಲಿ 13 ಬೀನ್ಸ್ ಇಟ್ಟರೆ ಉದಾರತನ ಅಂತ ಯಾರೂ ಮೆಚ್ಚುವುದಿಲ್ಲ, ಅನರ್ಹ ಅಂತ ಬರೆದು ಮುಂದೆ ಹೋಗುತ್ತಾರೆ.

ಹಿತ್ತಲಗಿಡ

ತುಂಬಾ ಉಪಯೋಗವಾಯಿತು. ಒಂದೇ ಒಂದು ಉಳಿದಿದೆ. ಮಣ್ಣು ಸರಿಸಿ ನೋಡಿದಾಗ ದಪ್ಪಗಿರುವ ಕ್ಯಾರೆಟ್ಟುಗಳಲ್ಲಿ ಒಂದರ ಭುಜ ಸುಮಾರು 1 ಸೆಂ.ಮೀ. ಹಸಿರಾಗಿದೆ. ಈಗ ಮಣ್ಣು ಏರಿಸಿದರೆ ಹೋಗುತ್ತದಾ? ಅದರ ಬದಲಿಗೆ ಇರುವುದು ಸ್ವಲ್ಪ ಸಣ್ಣದು.

ಗುದ್ದಲಿ

ಬಿಸಿಲು ತಾಗಿ ಬಂದ ಹಸಿರು ಅದು, 12 ದಿನದಲ್ಲಿ ಮಾಯವಾಗುವ ಭರವಸೆ ಇಟ್ಟುಕೊಳ್ಳಬೇಡಿ. ಆದರೂ ಇವತ್ತೇ ಮಣ್ಣು ಏರಿಸಿ, ಉಳಿದವಾದರೂ ಹಸಿರಾಗದೆ ಉಳಿಯುತ್ತವೆ. ಹಸಿರು ಭುಜದ್ದನ್ನು ತಟ್ಟೆಗೆ ಇಡಬೇಡಿ, ಕೆರೆದು ತೆಗೆಯಲೂ ಬೇಡಿ, ಗಾಯ ಇನ್ನೂ ಎದ್ದು ಕಾಣುತ್ತದೆ. ನಾಲ್ಕು ದಪ್ಪದ್ದರ ಪಕ್ಕ ಒಂದು ಸಣ್ಣದು ಇಡುವುದೂ ಬೇಡ. ಆ ಸಣ್ಣದರ ಅಳತೆಯ ಇನ್ನೂ ನಾಲ್ಕು ಸಾಲಿನಲ್ಲಿ ಇವೆಯೇ ಹುಡುಕಿ, ಐದನ್ನೂ ಒಟ್ಟಿಗೆ ಒಂದು ಅಳತೆ ಕೆಳಗಿಳಿಸಿ.