ಬಿಸಿಯಾದ ಮೇಲೆ ಐಡ್ಲಿಂಗ್ ನಡುಗುತ್ತೆ, ಪಿ0171 ಜೊತೆ ಪಿ0107 ಕೋಡ್: ಇಸಿಯು (ಎಂಜಿನ್ ಕಂಪ್ಯೂಟರ್) ಬದಲಿಸಬೇಕಾ?

ಕೆಎ06_ಪೆಟ್ರೋಲ್:
2011ರ ಹ್ಯಾಚ್‌ಬ್ಯಾಕ್, 998 ಸಿಸಿ, ಮೂರು ಸಿಲಿಂಡರ್, ಬಿಎಸ್4, ಬರೀ ಪೆಟ್ರೋಲ್. 1.3 ಲಕ್ಷ ಕಿ.ಮೀ. ಓಡಿದೆ. ಥ್ರಾಟಲ್ ಕೇಬಲ್‌ನದು. ಎಂಎಎಫ್ (ಒಳಬರೋ ಗಾಳಿ ಎಷ್ಟು ಅಂತ ಅಳೆಯೋ) ಸೆನ್ಸರ್ ಇಲ್ಲ, ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹೋಗೋ ಕೊಳವೆ) ಮೇಲೆ ಮೂರು ವೈರಿನ ಎಂಎಪಿ (ಅಲ್ಲಿನ ಒತ್ತಡ ಅಳೆಯೋ) ಸೆನ್ಸರ್ ಇದೆ.

ಬೆಳಿಗ್ಗೆ ಸ್ಟಾರ್ಟಿಂಗ್ ಸರಿ. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ 600–950 ಮಧ್ಯೆ ಏರಿಳಿಯುತ್ತೆ, ಸ್ಟೀರಿಂಗ್ ಗಡಗಡ. ಎಸಿ ಹಾಕಿದರೆ ಒಮ್ಮೊಮ್ಮೆ ಆಫ್. 2000 ದಾಟಿದರೆ ಏನೂ ಗೊತ್ತಾಗಲ್ಲ.

ಕೋಡ್: ಪಿ0171 (ಮಿಶ್ರಣ ಲೀನ್, ಅಂದ್ರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ), ಪಿ0107 (ಎಂಎಪಿ ವೋಲ್ಟೇಜ್ ಕಡಿಮೆ). ಎರಡನೆಯದು ಬಂದು ಹೋಗ್ತಾ ಇರುತ್ತೆ. ಪ್ಲಗ್, ಆಕ್ಸಿಜನ್ ಸೆನ್ಸರ್ ಎರಡೂ ಹೊಸದು, ಆದರೂ ಚೆಕ್ ಲೈಟ್ ವಾಪಸ್. ಈಗ ಗ್ಯಾರೇಜ್‌ನವರು ಇಸಿಯು ಹೋಗಿದೆ ಅಂತಿದ್ದಾರೆ.

ಬ್ಲೂಟೂತ್ ಸ್ಕ್ಯಾನರ್ ರೀಡಿಂಗ್, ತುಮಕೂರಿನಲ್ಲಿ ತೆಗೆದದ್ದು:
ಕೀ ಆನ್, ಎಂಜಿನ್ ಆಫ್: ಎಂಎಪಿ 75 ಕೆಪಿಎ (ಕಿಲೋಪಾಸ್ಕಲ್)
ಬಿಸಿ ಐಡ್ಲ್: ಎಂಎಪಿ 27, ಮಧ್ಯೆ ಮಧ್ಯೆ 15ಕ್ಕೆ ಬೀಳುತ್ತೆ. ಕೂಲೆಂಟ್ 89°ಸೆ. ಲಾಂಗ್ ಟರ್ಮ್ ಟ್ರಿಮ್ (ಇಸಿಯು ತಾನಾಗೇ ಹೆಚ್ಚು ಕಡಿಮೆ ಮಾಡೋ ಪೆಟ್ರೋಲ್, ಶೇಕಡಾ ಲೆಕ್ಕ) +22
2500 ಆರ್‌ಪಿಎಂ: ಲಾಂಗ್ ಟರ್ಮ್ ಟ್ರಿಮ್ +20

ಗ್ಯಾಸ್ಕೆಟ್72:
ಲೀನ್ ಕೋಡ್ ಅಂದ್ರೆ ಮೊದಲು ಗಾಳಿ ಲೀಕ್ ನೋಡಿ ಸರ್. ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ (ಎಂಜಿನ್ ಒಳಗಿನ ಹಬೆ ಎಳೆಯೋ) ಪೈಪಿನ ಬೆಂಡ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಹದಿಮೂರು ವರ್ಷ ದಾಟಿದ ರಬ್ಬರ್ ಅಡಿಭಾಗದಲ್ಲೇ ಸೀಳಿರುತ್ತೆ, ಮೇಲಿಂದ ಕಾಣಲ್ಲ. ಒಂದೊಂದೇ ಪೈಪನ್ನ ಬಟ್ಟೆ ಸುತ್ತಿದ ಪ್ಲೈಯರ್‌ನಲ್ಲಿ ಒತ್ತಿ ಹಿಡಿದು ಐಡ್ಲಿಂಗ್ ಬದಲಾಗುತ್ತಾ ನೋಡಿ. ಕಾರ್ಬ್ ಕ್ಲೀನರ್ ಹೊಡೆದು ನೋಡೋ ಚಾಳಿ ಬೇಡ, ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇದೆ.

ಕಪ್ಲರ್_ಕ್ಲೀನರ್:
ಪೈಪ್ ನೋಡೋದು ತಪ್ಪಲ್ಲ, ಆದರೆ ಈ ರೀಡಿಂಗ್ ಲೀಕ್‌ನದ್ದಲ್ಲ. "ಐಡ್ಲ್‌ನಲ್ಲಿ ಟ್ರಿಮ್ ಜಾಸ್ತಿ ಇದ್ರೆ ವ್ಯಾಕ್ಯೂಮ್ ಲೀಕ್" ಅನ್ನೋ ಸೂತ್ರ ಎಂಎಎಫ್ ಇರೋ ಗಾಡಿಗೆ. ಅಲ್ಲಿ ಸೆನ್ಸರ್ ದಾಟಿ ಕಳ್ಳದಾರಿಯಲ್ಲಿ ಬಂದ ಗಾಳಿ ಲೆಕ್ಕಕ್ಕೆ ಸಿಗಲ್ಲ. ಎಂಎಪಿ ಗಾಡಿಯಲ್ಲಿ ಲೀಕ್ ಆದ್ರೆ ಮ್ಯಾನಿಫೋಲ್ಡ್ ಒತ್ತಡ ಏರುತ್ತೆ, ಇಸಿಯು ಅದಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಕೊಡುತ್ತೆ. ಹಾಗಾಗಿ ಮೊದಲು ಕಾಣೋದು ಏರಿದ ಆರ್‌ಪಿಎಂ, ಲೀನ್ ಅಲ್ಲ. ನಿಮ್ಮಲ್ಲಿ ಎಂಎಪಿ ಕೆಳಗಿದೆ. ಲೀಕ್ ಆಗಿದ್ರೆ ಮೇಲಿರಬೇಕಿತ್ತು.

ಎಲ್ಲಕ್ಕಿಂತ ಮುಖ್ಯ ಆ 75. ಎಂಜಿನ್ ಆಫ್ ಇದ್ದಾಗ ಎಂಎಪಿ ತೋರಿಸಬೇಕಾದ್ದು ಊರಿನ ವಾಯುಭಾರ ಮಾತ್ರ. ಮಂಗಳೂರಲ್ಲಿ 101, ಬೆಂಗಳೂರಲ್ಲಿ 91, ಮಡಿಕೇರಿಯಲ್ಲಿ 88ರ ಆಸುಪಾಸು. ತುಮಕೂರಿಗೆ 92 ಬರಬೇಕು. ಅಂದ್ರೆ ಇಸಿಯುಗೆ ಸಿಗ್ತಿರೋದು ನಿಜದ ನೂರಕ್ಕೆ 81–82 ಭಾಗ. ಗಾಳಿ ಅಷ್ಟು ಕಡಿಮೆ ಅಂದುಕೊಂಡು ಪೆಟ್ರೋಲೂ ಅಷ್ಟೇ ಕಡಿಮೆ ಕೊಡುತ್ತೆ, ಆಕ್ಸಿಜನ್ ಸೆನ್ಸರ್ ಲೀನ್ ಅನ್ನುತ್ತೆ, ಟ್ರಿಮ್ ಏರುತ್ತೆ. 92ನ್ನ 75ರಿಂದ ಭಾಗಿಸಿ ನೋಡಿ, 1.22. ನಿಮ್ಮ +22 ಅಲ್ಲೇ ಸಿಕ್ತು. ಪಿ0171 ಪ್ರತ್ಯೇಕ ಕಾಯಿಲೆ ಅಲ್ಲ, ಪಿ0107ರ ನೆರಳು. ಎರಡು ಥರದ ಕೋಡ್ ಒಟ್ಟಿಗೆ ಬಂದ್ರೆ ವೋಲ್ಟೇಜ್ ಕೋಡ್ ಮೊದಲು, ಮಿಶ್ರಣದ ಕೋಡ್ ಆಮೇಲೆ. ಆಕ್ಸಿಜನ್ ಸೆನ್ಸರ್ ನಿಜ ಹೇಳಿದ್ದಕ್ಕೆ ಅದನ್ನೇ ಕಿತ್ತು ಹಾಕಿದ್ದಾರೆ.

ಐಡ್ಲ್‌ನಲ್ಲೇ ಯಾಕೆ ನಡುಗುತ್ತೆ ಅಂದ್ರೆ, ಮೂರು ಸಿಲಿಂಡರ್ ಎಂಜಿನ್ ಅತಿ ಹೆಚ್ಚು ಅದುರೋದು ಅಲ್ಲೇ. ಸಡಿಲ ಕನೆಕ್ಷನ್ ಇದ್ರೆ ಆಗಲೇ ಬಿಟ್ಟು ಬಿಟ್ಟು ಹಿಡಿಯುತ್ತೆ. 15ಕ್ಕೆ ಬಿದ್ದ ಕ್ಷಣ ಪೆಟ್ರೋಲ್ ಅರ್ಧಕ್ಕೆ ಇಳಿದ ಹಾಗೆ, ಟ್ರಿಮ್ ಅದನ್ನ ಹಿಡಿಯೋಷ್ಟು ಚುರುಕಿಲ್ಲ.

ಈಗ ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ. ಕೀ ಆನ್, ಎಂಜಿನ್ ಆಫ್, ಎಂಎಪಿ ಕಪ್ಲರ್ (ವೈರುಗಳನ್ನ ಸೆನ್ಸರ್‌ಗೆ ಸಿಕ್ಕಿಸೋ ಪ್ಲಗ್) ಹಾಕಿರೋ ಹಾಗೇ ಇರಲಿ. ಹಿಂಬದಿಯ ರಬ್ಬರ್ ಸೀಲ್ ಪಕ್ಕದಿಂದ ಗುಂಡುಪಿನ್ನು ತೂರಿಸಿ ಅಳೀರಿ. ವೈರಿನ ಮೈ ಚುಚ್ಚಬೇಡಿ, ಮಳೆಗಾಲ ಬಂದ್ರೆ ಅಲ್ಲೇ ಕಿಲುಬು. ಪಿನ್ನುಗಳು ಒಂದಕ್ಕೊಂದು ತಾಗದ ಹಾಗೆ ಒಂದೊಂದೇ ವೈರ್ ನೋಡಿ. ಮೀಟರಿನ ಕಪ್ಪು ಪ್ರೋಬ್ ಬ್ಯಾಟರಿ ಮೈನಸ್‌ಗೆ.
ಸಪ್ಲೈ ವೈರ್: 4.9–5.1 ವೋಲ್ಟ್
ಅರ್ತ್ ವೈರ್: 50 ಮಿಲಿವೋಲ್ಟ್ ಒಳಗೆ
ಸಿಗ್ನಲ್ ವೈರ್: ಸುಮಾರು 3.5–4 ವೋಲ್ಟ್, ಐಡ್ಲ್‌ನಲ್ಲಿ 1–1.5

ಸಪ್ಲೈನಲ್ಲಿ ರೆಸಿಸ್ಟೆನ್ಸ್ ಇದ್ರೆ ರೀಡಿಂಗ್ ಇಳಿಯುತ್ತೆ, ಅರ್ತ್‌ನಲ್ಲಿದ್ರೆ ಏರುತ್ತೆ. ಕಪ್ಲರ್ ಬಿಚ್ಚಿ ಅಳೆದರೆ ಮೋಸ ಹೋಗ್ತೀರಿ: ಲೋಡ್ ಇಲ್ಲದಾಗ ಕೆಟ್ಟ ವೈರೂ ಪೂರ್ತಿ 5 ತೋರಿಸುತ್ತೆ. ಥ್ರಾಟಲ್ ಪೊಸಿಷನ್ ಸೆನ್ಸರ್‌ನ ಸಪ್ಲೈ ಕೂಡ ಅಳೀರಿ. ಅಲ್ಲೂ ಕಡಿಮೆ ಇದ್ರೆ 5 ವೋಲ್ಟ್ ಲೈನನ್ನೇ ಯಾವುದೋ ಸೆನ್ಸರ್ ಎಳೀತಿದೆ, ಒಂದೊಂದೇ ಬಿಚ್ಚಿ ನೋಡಬೇಕು.

ಕೆಎ06_ಪೆಟ್ರೋಲ್:
ಅಳೆದೆ. ಎಂಎಪಿ ಸಪ್ಲೈ 4.08, ಅರ್ತ್ 15 ಮಿಲಿವೋಲ್ಟ್. ಕಪ್ಲರ್ ಬಿಚ್ಚಿದರೆ 4.98. ಥ್ರಾಟಲ್ ಸೆನ್ಸರ್ ಹತ್ತಿರ 4.97. ಹಾರ್ನೆಸ್ ಅಲ್ಲಾಡಿಸಿದರೆ ಏನಿಲ್ಲ, ಕಪ್ಲರ್ ಅಲ್ಲಾಡಿಸಿದರೆ 3.2ರಿಂದ 4.9ರವರೆಗೆ ಕುಣಿಯುತ್ತೆ. ಒಳಗೆ ಒಂದು ಪಿನ್ ಹಸಿರಾಗಿದೆ. ಹೊಸ ಎಂಎಪಿ ತಂದುಬಿಡಲಾ?

ಕಪ್ಲರ್_ಕ್ಲೀನರ್:
ಬೇಡ. ಸೆನ್ಸರ್ ಚೆನ್ನಾಗಿದೆ, ಇಸಿಯುನೂ 5 ವೋಲ್ಟ್ ಸರಿಯಾಗೇ ಕೊಡ್ತಿದೆ. ಇಂಥ ಸೆನ್ಸರ್ ಎಳೆಯೋದು 10 ಮಿಲಿಆಂಪ್ ಆಸುಪಾಸು, 90 ಓಮ್ ಕಿಲುಬು ಇದ್ರೆ 0.9 ವೋಲ್ಟ್ ಅಲ್ಲೇ ಹೋಯ್ತು.

ಬ್ಯಾಟರಿ ಮೈನಸ್ ಬಿಚ್ಚಿ. ಸೆನ್ಸರ್ ಕಡೆಯ ಪಿನ್ ಮೇಲೆ ಬರೀ ಬಣ್ಣ ಏರಿದ್ರೆ ಕಾಂಟ್ಯಾಕ್ಟ್ ಕ್ಲೀನರ್, ಮೆತ್ತನೆ ಬ್ರಶ್ ಸಾಕು. ಸ್ಯಾಂಡ್‌ಪೇಪರ್ ಹಾಕಿದರೆ ಲೇಪನ ಹೋಗಿ ಕಿಲುಬು ಬೇಗ ಬರುತ್ತೆ. ವೈರ್ ಕಡೆಯ ಹೆಣ್ಣು ಟರ್ಮಿನಲ್ ಒಮ್ಮೆ ಅಗಲ ಆದ್ರೆ ಮತ್ತೆ ಹಿಡಿತ ಬರಲ್ಲ. ಯಾರೋ ಮೀಟರ್ ಪ್ರೋಬ್ ಮುಂದಿನಿಂದ ಚುಚ್ಚಿ ಅಗಲ ಮಾಡಿರೋದೂ ಉಂಟು. ವೈರ್ ಸಮೇತ ಸಿಗೋ ಮೂರು ಪಿನ್ ಕಪ್ಲರ್ ಹಾಕೋದೇ ವಾಸಿ. ಹಳೆಯದನ್ನ ಕಟ್ ಮಾಡೋ ಮೊದಲು ಬಣ್ಣ, ಸ್ಥಾನದ ಫೋಟೋ ತೆಗೀರಿ. ಮೂರು ಜಾಯಿಂಟೂ ಒಂದೇ ಜಾಗದಲ್ಲಿ ಬೇಡ, 3 ಸೆಂ.ಮೀ. ಅಂತರದಲ್ಲಿ ಬರಲಿ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ. ಬರೀ ತಿರುಚಿ ಟೇಪ್ ಸುತ್ತಿದರೆ ಎಂಜಿನ್ ಬಿಸಿಗೆ ಅಂಟು ಕರಗಿ ಜಾರುತ್ತೆ. ವೈರ್ ಬಿಗಿ ಬೇಡ, ಸ್ವಲ್ಪ ಸಡಿಲ ಬಿಡಿ.

ಆಮೇಲೆ ಕೋಡ್ ಅಳಿಸಿ ಕೀ ಆನ್ ಮಾಡಿ ನೋಡಿ, 91–92 ಬಂದ್ರೆ ಗೆದ್ದ ಹಾಗೆ. ಬಿಸಿ ಐಡ್ಲ್‌ನಲ್ಲಿ 33ರ ಹತ್ತಿರ ನಿಲ್ಲಬೇಕು. ಟ್ರಿಮ್ ±8 ಒಳಗೆ ಬರದೆ ಇನ್ನೂ ಪ್ಲಸ್‌ನಲ್ಲೇ ಇದ್ರೆ ಆಗ ಪೆಟ್ರೋಲ್ ಪ್ರೆಶರ್, ಇಂಜೆಕ್ಟರ್ ಕಡೆ ತಿರುಗಿ.

ತಿರುಪುಳಿ:
ಎಸಿ ಹಾಕಿದಾಗ ಆಫ್ ಆಗೋದು ಇದರಲ್ಲಿ ಪೂರ್ತಿ ಹೋಗದೆ ಇರಬಹುದು. ಇಷ್ಟು ಓಡಿದ ಗಾಡಿಯಲ್ಲಿ ಥ್ರಾಟಲ್ ಬಾಡಿಯ ಚಿಟ್ಟೆ (ಗಾಳಿ ದಾರಿ ತೆರೆದು ಮುಚ್ಚೋ ತಟ್ಟೆ) ಅಂಚಿಗೆ, ಐಡ್ಲ್ ವಾಲ್ವ್ ದಾರಿಗೆ ಮಸಿ ಕಟ್ಟಿರುತ್ತೆ. ಥ್ರಾಟಲ್ ಬಾಡಿ ಬಿಚ್ಚಿ, ಥ್ರಾಟಲ್ ಕ್ಲೀನರ್ ಬಟ್ಟೆಗೆ ಹಾಕಿ ಒರೆಸಿ. ಐಡ್ಲ್ ವಾಲ್ವ್‌ನ ಮೋಟರ್ ಒಳಗೆ ಸ್ಪ್ರೇ ಹೋಗಬಾರದು, ಅದರ ಮೂತಿಯನ್ನ ಕೈಯಲ್ಲಿ ಒತ್ತಲೂಬಾರದು.

ಥ್ರಾಟಲ್ ಸ್ಟಾಪ್ ಸ್ಕ್ರೂಗೆ ಬಣ್ಣದ ಗುರುತು ಇರುತ್ತೆ, ಅದು ಒಡೆದಿದೆಯಾ ನೋಡಿ. ಐಡ್ಲಿಂಗ್ ಏರಿಸೋಕೆ ಅದನ್ನ ತಿರುಗಿಸಿದ್ರೆ ಥ್ರಾಟಲ್ ಪೂರ್ತಿ ಮುಚ್ಚಿದೆ ಅಂತ ಇಸಿಯುಗೆ ಗೊತ್ತಾಗಲ್ಲ, ಐಡ್ಲ್ ಕಂಟ್ರೋಲ್ ಸರಿಯಾಗಿ ಶುರುವಾಗಲ್ಲ, ಏರಿಳಿತ ನಿಲ್ಲಲ್ಲ.

ಎಲ್ಲ ಜೋಡಿಸಿದ ಮೇಲೆ ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ. ಫ್ಯಾನ್ ಒಮ್ಮೆ ತಿರುಗಿ ನಿಲ್ಲೋವರೆಗೆ ಎಸಿ ಆಫ್, ಆಮೇಲೆ ಐದು ನಿಮಿಷ ಎಸಿ ಆನ್. ಮೊದಲ ಒಂದೆರಡು ದಿನ ಆರ್‌ಪಿಎಂ ಸ್ವಲ್ಪ ಮೇಲಿದ್ರೆ ಗಾಬರಿ ಬೇಡ, ಮಸಿ ಕಟ್ಟಿದ್ದ ದಾರಿಗೆ ಹೊಂದಿಕೊಂಡಿದ್ದ ಇಸಿಯು ಹೊಸ ಲೆಕ್ಕ ಕಲೀಬೇಕು.